ಮುಖ ಬೆಂಜ್‌ನದು, ಮೈ ಬೀಟಲ್‌ನದು

ಮರ್ಸಿಡಿಸ್-ಬೆಂಜ್ 1928ರಿಂದ ತಯಾರಿಸಿದ ಎಸ್‌ಎಸ್‌ಕೆ ಕಾರುಗಳ ಸಂಖ್ಯೆ ನಲವತ್ತನ್ನೂ ಮುಟ್ಟಲಿಲ್ಲ. ಅದರ ವೇಷ ತೊಟ್ಟ ಅಮೆರಿಕದ ‘ಗೆಜೆಲ್’ಗಳಿಗೆ, ಅಂದರೆ ಬಿಡಿಭಾಗಗಳ ಕಿಟ್ ಕೊಂಡು ಜೋಡಿಸಿಕೊಳ್ಳುವ ಕಾರುಗಳಿಗೆ, ಮಾತ್ರ ಬರವಿಲ್ಲ. ಮೇಲಿನ ಹೊದಿಕೆ ಫೈಬರ್‌ಗ್ಲಾಸ್. ಒಳಗಿರುವುದು ಬಹುಪಾಲು ಫೋಕ್ಸ್‌ವ್ಯಾಗನ್ ಬೀಟಲ್ ಅಥವಾ ಫೋರ್ಡ್ ಪಿಂಟೊ. ಬೀಟಲ್ ಆಗಿದ್ದರೆ ಆ ಗಜಗಾಂಭೀರ್ಯದ ಉದ್ದನೆಯ ಬಾನೆಟ್ ಎತ್ತಿ ನೋಡಿ, ಎಂಜಿನ್ನೇ ಇಲ್ಲ! ಅದು ಹಿಂದುಗಡೆ ಕೂತಿರುತ್ತದೆ. ಇಂಥ ಗಾಡಿಯ ಬ್ರೇಕ್ ಕೆಟ್ಟಾಗ ಬೆಂಜ್‌ನ ಬಿಡಿಭಾಗ ಹುಡುಕುವುದು ವ್ಯರ್ಥ. ಬರೀ ‘ಬೀಟಲ್‌ದು ಕೊಡಿ’ ಎಂದರೂ ಸಾಲದು. ಅಮೆರಿಕಕ್ಕೆ ಬಂದ ಬೀಟಲ್‌ಗಳ ಮುಂದಿನ ಆಕ್ಸಲ್ 1966ರಲ್ಲಿ ಕಿಂಗ್‌ಪಿನ್ ಬಿಟ್ಟು ಬಾಲ್‌ಜಾಯಿಂಟ್‌ಗೆ ತಿರುಗಿತು. 1967ರಲ್ಲಿ ವಿದ್ಯುತ್ 6 ವೋಲ್ಟ್‌ನಿಂದ 12ಕ್ಕೆ ಏರಿತು. 1968ರಲ್ಲಿ ಚಕ್ರದ ಬೋಲ್ಟ್ ಐದರಿಂದ ನಾಲ್ಕಕ್ಕೆ ಇಳಿಯಿತು. ಹಾಗಾಗಿ ಒಳಗಿನ ಬೀಟಲ್ ಯಾವ ವರ್ಷದ್ದು ಎಂಬುದಕ್ಕೆ ನೋಂದಣಿ ಪತ್ರದ ಇಸವಿಗಿಂತ ಹಿಂದಿನ ಸೀಟಿನಡಿ ಕೊರೆದಿರುವ ಚಾಸಿ ಸಂಖ್ಯೆಯೇ ನಂಬಿಕಸ್ಥ ಸಾಕ್ಷಿ. ಅದೂ ಪೂರ್ತಿ ನಂಬುವಂಥದ್ದಲ್ಲ ಎನ್ನಿ: ಮನೆಯ ಶೆಡ್ಡಿನಲ್ಲಿ ಜೋಡಿಸಿದವನು ಒಂದು ವರ್ಷದ ಚಾಸಿಗೆ ಇನ್ನೊಂದು ವರ್ಷದ ಎಂಜಿನ್ ಕೂರಿಸಿರಬಹುದು. ಆದ್ದರಿಂದ ಹಳೇ ಭಾಗವನ್ನು ಬಿಚ್ಚಿ, ಅದರ ಮೇಲಿನ ಸಂಖ್ಯೆ ಓದಿ, ಅಳತೆ ಹಿಡಿದೇ ಹೊಸದನ್ನು ತರಿಸಬೇಕು. ನಿಜವಾದ ತಲೆನೋವು ಎಂಜಿನ್ನಿನದಲ್ಲ, ಬಾಗಿಲ ಹಿಡಿ, ಗ್ರಿಲ್, ಮಡ್‌ಗಾರ್ಡ್‌ಗಳದು. ಅವು ಕಿಟ್ ಕಂಪನಿಯವು, ಬೆಂಜ್‌ಗೂ ಕೂಡವು, ಬೀಟಲ್‌ಗೂ ಕೂಡವು. ಇಂಥ ಕಾರು ಕೊಳ್ಳುವವರು ಬಣ್ಣ ನೋಡುವ ಮೊದಲು ಕಿಟ್‌ನ ಜೋಡಣೆ ಕೈಪಿಡಿಯನ್ನು ಕೇಳಿ ಪಡೆಯಿರಿ.