ಕರ್ಪೂರವೂ ವಜ್ರವೂ

ದೇವರಮನೆಯ ಗೂಡಿನಲ್ಲಿ, ಮುಚ್ಚಳ ಸಡಿಲವಾದ ಡಬ್ಬಿಯೊಳಗೆ ಇಟ್ಟ ಕರ್ಪೂರದ ಬಿಲ್ಲೆಗಳು, ಯಾರ ಕೈಯೂ ತಾಗದೆ, ಬೆಂಕಿಯೂ ಸೋಂಕದೆ, ದಿನದಿನಕ್ಕೆ ಸವೆದು ಸಣ್ಣವಾಗಿ ಕೊನೆಗೊಂದು ದಿನ ಪರಿಮಳವನ್ನಷ್ಟೇ ಉಳಿಸಿ ಇಲ್ಲವಾಗುವುದನ್ನು ನಮ್ಮ ಮನೆಗಳ ಹೆಂಗಸರೆಲ್ಲರೂ ಬಲ್ಲರು. ಹಾಗಾಗದಿರಲೆಂದು ಡಬ್ಬಿಯಲ್ಲಿ ನಾಲ್ಕು ಮೆಣಸಿನ ಕಾಳು ಹಾಕಿಡುವ ರೂಢಿಯೂ ಉಂಟು. ಈಚೆಗೆ ಇಂತಹುದೇ ಒಂದು ಬರಿದಾದ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುವ ನೆರೆಮನೆಯ ಹುಡುಗಿ ನನಗೆ ಅದರ ಕಾರಣವನ್ನು ವಿವರಿಸಿದಳು: “ಕರ್ಪೂರದಲ್ಲಿ ಇರೋದು ಸಹವೇಲೆನ್ಸೀಯ ಬಂಧ, ಮಾವ. ಅದು ದುರ್ಬಲ. ಅದಕ್ಕೇ ಆವಿಯಾಗಿ ಹೋಗುತ್ತೆ.” ಹಾಗಾದರೆ ವಜ್ರದಲ್ಲಿರುವುದು ಯಾವ ಬಂಧವಮ್ಮಾ ಎಂದು ಕೇಳಿದೆನು. “ಅದೂ ಸಹವೇಲೆನ್ಸೀಯವೇ,” ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿ, ತನ್ನ ಟಿಪ್ಪಣಿ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು.

ಆ ಪುಸ್ತಕದಲ್ಲಿ ಎರಡು ಅಂಕಣಗಳ ಒಂದು ಕೋಷ್ಟಕವಿತ್ತು. ಎಡಕ್ಕೆ ಅಯಾನಿಕ ಸಂಯುಕ್ತ, ಬಲಕ್ಕೆ ಸಹವೇಲೆನ್ಸೀಯ ಸಂಯುಕ್ತ. ಮೊದಲನೆಯದರ ದ್ರವನಬಿಂದು ಹೆಚ್ಚು, ಎರಡನೆಯದರದು ಕಡಮೆ. ಮೊದಲನೆಯದು ನೀರಿನಲ್ಲಿ ಕರಗುವುದು, ಎರಡನೆಯದು ಕರಗದು. ಪರೀಕ್ಷೆಯಲ್ಲಿ ಮೂರೋ ನಾಲ್ಕೋ ಅಂಕಗಳನ್ನು ತಂದುಕೊಡುವ ಈ ಕೋಷ್ಟಕವನ್ನು ನಾನೂ ನನ್ನ ಕಾಲದಲ್ಲಿ ಬಾಯಿಪಾಠ ಮಾಡಿದವನೇ. ಆದರೆ ರಸಾಯನಶಾಸ್ತ್ರದ ಹೃದಯಸ್ಥಾನದಲ್ಲಿರುವ ಒಂದು ವಿಚಾರಕ್ಕೆ ಪ್ರವೇಶದ್ವಾರವಾಗಬೇಕಾದ ಪಾಠವು, ಈ ಕೋಷ್ಟಕದ ದೆಸೆಯಿಂದ ಆ ವಿಚಾರಕ್ಕೇ ಅಡ್ಡಗಟ್ಟಿದ ಗೋಡೆಯಾಗಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ವಸ್ತುವಿನ ಗುಣಗಳನ್ನು ಎದುರೆದುರಾಗಿ ಬರೆಯುವುದಕ್ಕೆ ಮುಂಚೆ, ಅಲ್ಲಿ ಯಾವುದು ಯಾವುದನ್ನು ಹಿಡಿದಿದೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡುವುದು ಅವಶ್ಯಕ.

ಕರ್ಪೂರದ ಒಂದು ಅಣುವಿನಲ್ಲಿ 10 ಇಂಗಾಲ, 16 ಜಲಜನಕ, 1 ಆಮ್ಲಜನಕ, ಅಂತೂ 27 ಪರಮಾಣುಗಳು ಸಹವೇಲೆನ್ಸೀಯ ಬಂಧಗಳಿಂದ ಕೂಡಿಕೊಂಡಿವೆ. ಡಬ್ಬಿಯಿಂದ ಹೊರಟ ಕರ್ಪೂರವು ನಮ್ಮ ಮೂಗನ್ನು ತಲಪಿದಾಗಲೂ ಕರ್ಪೂರವಾಗಿಯೇ ಪರಿಮಳಿಸುವುದಷ್ಟೆ? ಆ 27 ಪರಮಾಣುಗಳ ಪೈಕಿ ಒಂದೂ ತನ್ನ ಸ್ಥಾನವನ್ನು ಬಿಟ್ಟಿಲ್ಲವೆಂಬುದಕ್ಕೆ ನಮ್ಮ ಘ್ರಾಣೇಂದ್ರಿಯಕ್ಕಿಂತ ಬೇರೆ ಸಾಕ್ಷಿ ಬೇಡ. ಸಡಿಲಿದುದು ಒಂದು ಅಣುವಿಗೂ ಅದರ ಪಕ್ಕದ ಅಣುವಿಗೂ ನಡುವೆ ಇದ್ದ ಮೃದುವಾದ ಆಕರ್ಷಣೆ ಮಾತ್ರ. ಅಣುವಿನ ಒಳಗಿನ ಬಂಧವಲ್ಲ. ವಜ್ರದಲ್ಲಾದರೋ ಹೀಗೆ ಬೇರೆಬೇರೆಯಾದ ಅಣುಗಳೇ ಇಲ್ಲ. ಒಂದೊಂದು ಇಂಗಾಲದ ಪರಮಾಣುವೂ ನಾಲ್ಕು ದಿಕ್ಕಿಗೆ ನಾಲ್ಕು ಇಂಗಾಲಗಳನ್ನು 154 ಪಿಕೋಮೀಟರ್ ದೂರದಲ್ಲಿ ಹಿಡಿದು, ಆ ನಾಲ್ಕು ಮತ್ತೆ ನಾಲ್ಕನ್ನು ಹಿಡಿದು, ಹರಳಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಹೆಣಿಗೆಯಾಗಿ ನಿಂತಿರುವುದರಿಂದ, ಅದನ್ನು ಗೀರಬೇಕಾದರೂ ಬಂಧವನ್ನೇ ಕಡಿಯಬೇಕು. ಕರ್ಪೂರದೊಳಗಿನ ಇಂಗಾಲ-ಇಂಗಾಲ ಬಂಧವೂ ವಜ್ರದೊಳಗಿನ ಬಂಧವೂ ಹೆಚ್ಚುಕಡಮೆ ಒಂದೇ ಜಾತಿಯವು.

ಒಲೆಯ ಮೇಲಿನ ನೀರಿನ ವಿಷಯವೂ ಹೀಗೆಯೇ. ನೀರಿನ ಅಣುಗಳನ್ನು ಪರಸ್ಪರ ಅಂಟಿಸಿಕೊಂಡಿರುವ ಜಲಜನಕ ಬಂಧದ ಬಲ, ಮೋಲ್ ಒಂದಕ್ಕೆ ಸುಮಾರು 20 ಕಿಲೋಜೂಲು. ಅಣುವಿನ ಒಳಗೆ ಆಮ್ಲಜನಕಕ್ಕೂ ಜಲಜನಕಕ್ಕೂ ನಡುವಣ ಸಹವೇಲೆನ್ಸೀಯ ಬಂಧದ್ದು ಸುಮಾರು 463. ನಮ್ಮ ಅಡುಗೆಮನೆಯ ಬೆಂಕಿ ಮೊದಲನೆಯದನ್ನು ಗೆಲ್ಲಬಲ್ಲುದೇ ಹೊರತು ಎರಡನೆಯದನ್ನು ಅಲುಗಿಸಲಾರದು. ಎರಡಕ್ಕೂ ನಾವು ‘ಬಂಧ’ ಎಂಬ ಒಂದೇ ಹೆಸರನ್ನಿಟ್ಟಿರುವುದು ಗೊಂದಲಕ್ಕೆ ಇನ್ನೊಂದು ಕಾರಣ.

ಇನ್ನು ಈ ಸಹವೇಲೆನ್ಸೀಯ ಬಂಧವೆಂಬುದಾದರೂ ಏನು? 1916ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಧ್ಯಾಪಕರಾಗಿದ್ದ ಗಿಲ್ಬರ್ಟ್ ನ್ಯೂಟನ್ ಲೂಯಿಸ್, ಎರಡು ಪರಮಾಣುಗಳ ನಡುವಣ ಬಂಧವೆಂದರೆ ಆ ಎರಡಕ್ಕೂ ಸಮಾನವಾಗಿ ಸೇರಿದ ಒಂದು ಜೋಡಿ ಎಲೆಕ್ಟ್ರಾನುಗಳೇ ಎಂದು ಪ್ರತಿಪಾದಿಸಿದರು. ಪರಮಾಣುವನ್ನು ಒಂದು ಘನಾಕೃತಿಯಾಗಿ, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂರಿಸಿದಂತೆ ಅವರು ಮೊದಲು ಚಿತ್ರಿಸಿಕೊಂಡದ್ದು 1902ರಷ್ಟು ಹಿಂದೆಯೇ. ಆ ಘನ ಕಾಲಗರ್ಭದಲ್ಲಿ ಅಡಗಿಹೋಯಿತು, ಜೋಡಿ ಮಾತ್ರ ಉಳಿಯಿತು. ಆ ಬಂಧಕ್ಕೆ ಇಂದಿನ ಹೆಸರನ್ನು 1919ರಲ್ಲಿ ಕೊಟ್ಟವರು ಅರ್ವಿಂಗ್ ಲ್ಯಾಂಗ್ಮ್ಯೂರ್. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದ್ದು ಅದರ ಹಿಂದಿನ ವರ್ಷವೇ ಎಂಬುದನ್ನು ನೆನೆದಾಗ, ಈ ವಿಚಾರಗಳು ಹೊಸತಾಗಿದ್ದ ಕಾಲದಲ್ಲಿಯೇ ನಮ್ಮ ನುಡಿಯಲ್ಲಿ ಅವುಗಳಿಗಾಗಿ ಒಂದು ಬಾಗಿಲು ತೆರೆದಿತ್ತೆಂದು ಮನಸ್ಸಿಗೆ ಹಿತವಾಗುತ್ತದೆ.

ಲೂಯಿಸರ ಕಲ್ಪನೆಯಲ್ಲಿ ಒಂದು ಒಗಟು ಉಳಿದಿತ್ತು. ಎಲೆಕ್ಟ್ರಾನುಗಳೆರಡೂ ಋಣ ವಿದ್ಯುತ್ತಿನವು. ಪರಸ್ಪರ ದೂರ ತಳ್ಳಬೇಕಾದ ಅವು ಜೋಡಿಯಾಗಿ ಪರಮಾಣುಗಳನ್ನು ಬೆಸೆಯುವುದೆಂತು? 1927ರಲ್ಲಿ ಜ್ಯೂರಿಕ್‌ನಲ್ಲಿ ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಸ್ ಲಂಡನ್ ಎಂಬ ಇಬ್ಬರು ತರುಣರು, ಆಗ ತಾನೇ ಹುಟ್ಟಿದ್ದ ಕ್ವಾಂಟಂ ಸಿದ್ಧಾಂತವನ್ನು ಜಲಜನಕದ ಅಣುವಿಗೆ ಅನ್ವಯಿಸಿ ಈ ಒಗಟನ್ನು ಬಿಡಿಸಿದರು. ಎರಡು ಜಲಜನಕ ಪರಮಾಣುಗಳು ಸಮೀಪಿಸಿದಂತೆಲ್ಲ, ಇದರ ಎಲೆಕ್ಟ್ರಾನು ಅದರ ಕೇಂದ್ರದ ಸೆಳೆತಕ್ಕೂ, ಅದರ ಎಲೆಕ್ಟ್ರಾನು ಇದರ ಕೇಂದ್ರದ ಸೆಳೆತಕ್ಕೂ ಒಳಗಾಗಿ, ಎರಡೂ ಉಭಯ ಕೇಂದ್ರಗಳನ್ನು ಸುತ್ತುವರಿದ ವಿಶಾಲವಾದ ಒಂದೇ ವಲಯದಲ್ಲಿ ನೆಲೆಸುತ್ತವೆ. ಎರಡು ಧನಕೇಂದ್ರಗಳ ನಡುವಣ ಜಾಗದಲ್ಲಿ ಋಣ ವಿದ್ಯುತ್ತು ದಟ್ಟವಾಗುತ್ತದೆ. ಒಟ್ಟು ಶಕ್ತಿ ಇಳಿಯುತ್ತದೆ. ತೀರ ಹತ್ತಿರ ಬಂದರೆ ಕೇಂದ್ರಗಳೇ ಒಂದನ್ನೊಂದು ನೂಕುವುದರಿಂದ, 74 ಪಿಕೋಮೀಟರ್ ದೂರದಲ್ಲಿ, ಎಂದರೆ ಒಂದು ಸೆಂಟಿಮೀಟರನ್ನು ಸುಮಾರು 13.5 ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲಿನಷ್ಟರಲ್ಲಿ, ಎಳೆತವೂ ನೂಕುವಿಕೆಯೂ ಸಮತೂಕಕ್ಕೆ ಬರುತ್ತವೆ. ಆ ಜೋಡಿಯನ್ನು ಮತ್ತೆ ಬೇರ್ಪಡಿಸಲು ಮೋಲ್ ಒಂದಕ್ಕೆ 436 ಕಿಲೋಜೂಲುಗಳನ್ನು ವ್ಯಯಿಸಬೇಕು.

ಇಲ್ಲಿ ಯಾರ ಆಸೆಯೂ ಇಲ್ಲ, ಯಾರ ಔದಾರ್ಯವೂ ಇಲ್ಲ ಎಂಬುದನ್ನು ಗಮನಿಸಬೇಕು. ಪರಮಾಣುಗಳು ತಮ್ಮ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳನ್ನು ಹೊಂದಲು ಬಯಸುತ್ತವೆ, ಆದುದರಿಂದ ಒಂದು ಕೊಡುತ್ತದೆ, ಇನ್ನೊಂದು ಪಡೆಯುತ್ತದೆ, ಅಥವಾ ಎರಡೂ ಹಂಚಿಕೊಳ್ಳುತ್ತವೆ ಎಂಬ ಕಥೆಯನ್ನು ನಾವು ಮಕ್ಕಳಿಗೆ ವಾತ್ಸಲ್ಯದಿಂದಲೇ ಹೇಳುತ್ತೇವೆ. ಆದರೆ ಎಂಟರ ನಿಯಮವು ನೆನಪಿಗೆ ಒದಗುವ ಸೂತ್ರವೇ ಹೊರತು ಬಂಧಕ್ಕೆ ಕಾರಣವಲ್ಲ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನಿನ ಸುತ್ತ ಆರೇ ಎಲೆಕ್ಟ್ರಾನುಗಳನ್ನು ಬರೆಯುತ್ತೇವೆ. ಗಂಧಕದ ಹೆಕ್ಸಾಫ್ಲೋರೈಡಿನಲ್ಲಿ ಒಂದು ಗಂಧಕಕ್ಕೆ ಆರು ಫ್ಲೋರಿನ್‌ಗಳು ಕೂಡಿವೆ. ಕಾರಣವನ್ನೇ ಕೇಳುವ ಮಗುವಿಗೆ ವಿದ್ಯುದಾಕರ್ಷಣೆಯನ್ನು ತೋರಿಸಬೇಕು. ಆಸೆಯ ಕಥೆಯಿಂದ ಅದರ ಪ್ರಶ್ನೆಗೆ ಉತ್ತರ ದೊರೆಯದು.

ಆ ಆಕರ್ಷಣೆಯೇ ಬೇರೆ ರೂಪ ತಾಳಿದಾಗ ಉಪ್ಪಾಗುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲಿಗೆ ಸಮುದ್ರದ ನೀರು ಇಂಗಿ ಹರಳುಗಟ್ಟುವ ಉಪ್ಪಿನಲ್ಲಿ, ಸೋಡಿಯಂ ಕ್ಲೋರೈಡಿನ ಅಣು ಎಂಬುದು ಹುಡುಕಿದರೂ ಸಿಕ್ಕದು. ಒಂದೊಂದು ಸೋಡಿಯಂ ಅಯಾನನ್ನು ಆರು ಕ್ಲೋರೈಡುಗಳೂ, ಒಂದೊಂದು ಕ್ಲೋರೈಡನ್ನು ಆರು ಸೋಡಿಯಂಗಳೂ ಸುತ್ತುವರಿದಿರುತ್ತವೆ. ಇವನಿಗೆ ಇವಳು ಎಂಬ ನಿಯತ ಜೋಡಿ ಅಲ್ಲಿಲ್ಲ. ಲಾರೆನ್ಸ್ ಬ್ರಾಗ್ 1913ರಲ್ಲಿ ಎಕ್ಸ್-ಕಿರಣಗಳಿಂದ ಇದನ್ನು ಕಂಡುಹಿಡಿದಾಗ ಹಳೆಯ ರಸಾಯನಜ್ಞರಿಗೆ ಇದು ರುಚಿಸಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆಯೂ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ವಯೋವೃದ್ಧ ವಿದ್ವಾಂಸರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರತಿಭಟಿಸಿ ಬರೆದರು. ಉಪ್ಪು ಕರಗಬೇಕಾದರೆ ಈ ಎಲ್ಲ ಕಡೆಯ ಸೆಳೆತವನ್ನೇ ಮೀರಬೇಕಾದ್ದರಿಂದ 801 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಚಿನ್ನದಲ್ಲಿ ಮತ್ತೊಂದು ಪರಿ: ಹೊರ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ ಲೋಹದ ಸಮಸ್ತಕ್ಕೂ ಸೇರಿದುದರಿಂದ, ಅಕ್ಕಸಾಲಿಗನ ಸುತ್ತಿಗೆಯ ಕೆಳಗೆ ಪರಮಾಣುಗಳು ಸರಿದರೂ ಬಂಧ ತಪ್ಪುವುದಿಲ್ಲ, ಅದೇ ಪೆಟ್ಟಿಗೆ ಉಪ್ಪಿನ ಹರಳಿನಲ್ಲಿ ಸಮಾನ ವಿದ್ಯುತ್ತಿನ ಅಯಾನುಗಳು ಎದುರುಬದುರಾಗಿ ಹರಳು ಸೀಳಿಹೋಗುತ್ತದೆ. ಸಹವೇಲೆನ್ಸೀಯ ಬಂಧಕ್ಕೆ ಮಾತ್ರ ನಿಶ್ಚಿತವಾದ ದಿಕ್ಕುಂಟು. ನೀರಿನ ಎರಡು ಬಂಧಗಳ ನಡುವೆ 104.5 ಡಿಗ್ರಿ ಕೋನ, ಮೀಥೇನಿನಲ್ಲಿ 109.5. ಜೀವಿಗಳ ದೇಹದಲ್ಲಿ ಅಣುಗಳಿಗೆ ಆಕಾರವೆಂಬುದು ಇರುವುದು ಈ ದಿಕ್ಕಿನ ನಿಷ್ಠೆಯಿಂದಲೇ.

ಹಾಗೆಂದು ಈ ಬಂಧಗಳ ನಡುವೆ ಬೇಲಿ ಹಾಕಲಾಗದು. ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆದುಕೊಳ್ಳುವ ಪರಮಾಣುವಿನ ಸಾಮರ್ಥ್ಯಕ್ಕೆ ಲೈನಸ್ ಪಾಲಿಂಗ್ 1932ರಲ್ಲಿ ಅಂಕಿಗಳನ್ನು ಗೊತ್ತುಮಾಡಿದರು. ಇಂದಿನ ಲೆಕ್ಕದಲ್ಲಿ ಕ್ಲೋರಿನ್ನಿಗೆ 3.16, ಜಲಜನಕಕ್ಕೆ 2.20, ಸೋಡಿಯಂಗೆ 0.93. ಎರಡು ಕ್ಲೋರಿನ್‌ಗಳ ನಡುವೆ ಜೋಡಿ ಸರಿಮಧ್ಯದಲ್ಲಿರುತ್ತದೆ. ಜಲಜನಕಕ್ಕೂ ಕ್ಲೋರಿನ್ನಿಗೂ ನಡುವೆ ಅದು ಕ್ಲೋರಿನ್ನಿನ ಕಡೆಗೆ ವಾಲುತ್ತದೆ. ಸೋಡಿಯಂ ಎದುರಾದಾಗ ಬಹುಮಟ್ಟಿಗೆ ಅತ್ತಲೇ ಹೋಗಿಬಿಡುತ್ತದೆ. ಹೈಡ್ರೋಜನ್ ಕ್ಲೋರೈಡು ಅನಿಲವಾಗಿರುವಾಗ ಸಹವೇಲೆನ್ಸೀಯ. ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ಹರಿಸುತ್ತದೆ. ಅದನ್ನು ಕೋಷ್ಟಕದ ಯಾವ ಅಂಕಣದಲ್ಲಿ ಬರೆಯೋಣ? ಲೂಯಿಸರೇ ತಮ್ಮ 1916ರ ಲೇಖನದಲ್ಲಿ, ಈ ಎರಡು ಬಗೆಗಳ ನಡುವಣ ಅಂತರ ಪ್ರಮಾಣದ್ದೇ ಹೊರತು ಜಾತಿಯದಲ್ಲವೆಂದು ಕಂಡಿದ್ದರು. ನೂರು ವರ್ಷಗಳ ಮೇಲೆಯೂ ಅವರು ಅಳಿಸಿದ ಗೆರೆಯನ್ನೇ ನಾವು ಮಕ್ಕಳ ಪುಸ್ತಕಗಳಲ್ಲಿ ಮತ್ತೆ ಎಳೆಯುತ್ತಿರುವುದು ನನಗೆ ನೋವಿನ ಸಂಗತಿ.

ಇದಕ್ಕಿಂತ ಆಳವಾಗಿ ಬೇರೂರಿದ ತಪ್ಪೊಂದುಂಟು: ಬಂಧ ಮುರಿದರೆ ಶಕ್ತಿ ಹೊರಬೀಳುತ್ತದೆ ಎಂಬುದು. ಬಂಧವನ್ನು ಮುರಿಯಲು ಎಂದೆಂದೂ ಶಕ್ತಿಯನ್ನು ತೆರಬೇಕು. ಶಕ್ತಿ ದೊರೆಯುವುದು ಹೊಸ ಬಂಧ ಕೂಡಿದಾಗ. ಹಳ್ಳಿಯ ಮನೆಯ ಗೋಬರ್ ಗ್ಯಾಸಿನಲ್ಲಿರುವ ಮೀಥೇನನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಮೋಲ್ ಮೀಥೇನಿನ ನಾಲ್ಕು ಇಂಗಾಲ-ಜಲಜನಕ ಬಂಧಗಳನ್ನೂ ಅದಕ್ಕೆ ಬೇಕಾದ ಎರಡು ಮೋಲ್ ಆಮ್ಲಜನಕದ ಬಂಧಗಳನ್ನೂ ಬಿಡಿಸಲು ಸುಮಾರು 2648 ಕಿಲೋಜೂಲು ವೆಚ್ಚ. ಅವೇ ಪರಮಾಣುಗಳು ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಆಗಿ ಕೂಡಿಕೊಂಡಾಗ ಬರುವುದು ಸುಮಾರು 3450. ಉಳಿಕೆ ಎಂಟುನೂರು ಚಿಲ್ಲರೆ. ಅನ್ನ ಬೇಯುವುದು ಆ ಉಳಿಕೆಯಿಂದ. ಈ ಜಮಾಖರ್ಚನ್ನು ಒಮ್ಮೆ ಕೈಯಾರೆ ಮಾಡಿದ ಹುಡುಗಿ, ಬಂಧ ಮುರಿದರೆ ಶಕ್ತಿ ಹುಟ್ಟುತ್ತದೆಂದು ಮತ್ತೆ ಬರೆಯಲಾರಳು.

ಬಂಧವೆಂಬುದು ಕಾಗದದ ಮೇಲಿನ ಗೆರೆಯಲ್ಲ, ಮಿಡಿಯುವ ವಸ್ತು ಎಂಬುದಕ್ಕೆ ಬೆಂಗಳೂರಿನವರಿಗೆ ಬೇರೆ ಊರಿನ ನಿದರ್ಶನ ಬೇಕಿಲ್ಲ. 1928ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡ ಸಿ. ವಿ. ರಾಮನ್ನರು 1933ರಲ್ಲಿ ಈ ಊರಿಗೆ ಬಂದು ಕಡೆಯವರೆಗೂ ಇಲ್ಲಿಯೇ ನೆಲೆಸಿ, ವಜ್ರಗಳನ್ನು ಸಂಗ್ರಹಿಸಿ, ಅವುಗಳಿಂದ ಚದುರಿದ ಬೆಳಕನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅಣುವಿನಿಂದ ಚದುರುವ ಬೆಳಕಿನ ಬಣ್ಣದಲ್ಲಾಗುವ ಅತ್ಯಲ್ಪ ವ್ಯತ್ಯಾಸವು, ಅದರ ಬಂಧಗಳು ಯಾವ ವೇಗದಲ್ಲಿ ಕಂಪಿಸುತ್ತವೆಂಬುದನ್ನು ಹೇಳುತ್ತದೆ. ಹಿಂದೆ ವೀಣೆಯ ತಂತಿಯ ಮತ್ತು ಮೃದಂಗದ ಕಂಪನಗಳನ್ನು ಶೋಧಿಸಿದ್ದವರ ಕಿವಿಗೆ ಇದು ಅಪರಿಚಿತ ಸಂಗೀತವಾಗಿರಲಾರದು.

ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕೋಷ್ಟಕವನ್ನು ಬರೆಸುವ ದಿನಕ್ಕೆ ಹಿಂದಿನ ದಿನ, ಒಂದು ಲೋಟದಲ್ಲಿ ನಾಲ್ಕು ಕರ್ಪೂರದ ಬಿಲ್ಲೆಗಳನ್ನಿಟ್ಟು, ತಣ್ಣೀರು ತುಂಬಿದ ಬಟ್ಟಲಿನಿಂದ ಅದರ ಬಾಯನ್ನು ಮುಚ್ಚಿ, ಉರಿಯ ಹತ್ತಿರಕ್ಕೆ ಒಯ್ಯದೆ ಬಿಸಿನೀರಿನ ಪಾತ್ರೆಯೊಳಗೆ ನಿಲ್ಲಿಸಿ ತರಗತಿಯ ನಡುವೆ ಇಡಿರಿ. ನೆರೆಮನೆಯ ಹುಡುಗಿಯೂ ನಾನೂ ಅಂದು ಸಂಜೆ ಹಾಗೆಯೇ ಮಾಡಿದೆವು. ಸ್ವಲ್ಪ ಹೊತ್ತಿನ ಮೇಲೆ ಬಟ್ಟಲನ್ನೆತ್ತಿ ನೋಡಿದರೆ ಅದರ ತಳದಲ್ಲಿ ಬಿಳಿಯ ಹರಳುಗಳು ಕಟ್ಟಿಕೊಂಡಿದ್ದುವು. ಅವಳು ಉಗುರಿನಿಂದ ಅಷ್ಟನ್ನು ಕೆರೆದು ಮೂಸಿ, “ಕರ್ಪೂರವೇ!” ಎಂದಳು, ಆಮೇಲೆ ಪೆನ್ಸಿಲು ತೆಗೆದುಕೊಂಡು, ಕೋಷ್ಟಕದ ಬಲ ಅಂಕಣದ ಪಕ್ಕದಲ್ಲಿ ‘ಒಳಗಿನದು ಮುರಿಯಲಿಲ್ಲ’ ಎಂದು ಬರೆದುಕೊಂಡಳು.