ಎರಡು ಪೆನ್ನು ಸಾಕು

ಹಳ್ಳದ ದಂಡೆಯ ಪ್ಲಾಸ್ಟಿಕ್ ಹೆಕ್ಕಲು ಶಾಲಾ ಮಕ್ಕಳನ್ನು ಸಾಲಾಗಿ ಕರೆದೊಯ್ಯುವುದು ಮಲೆನಾಡಿನಲ್ಲಿ ಈಗ ವಾಡಿಕೆ. ಆ ಮಕ್ಕಳ ಕಿಸೆಯಲ್ಲಿರುವ ಪ್ಲಾಸ್ಟಿಕ್ಕನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಬರೆದು ಎಸೆಯುವ ಬಾಲ್ ಪೆನ್ನು ವಿದ್ಯೆಯ ಸಾಧನವೆಂಬ ಗೌರವದ ಮರೆಯಲ್ಲಿ ಎಲ್ಲ ನಿಷೇಧಗಳಿಂದಲೂ ನುಣುಚಿಕೊಂಡಿದೆ. ಕರ್ನಾಟಕ ಸರ್ಕಾರ 2016ರಲ್ಲಿ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧವು ಕಿವಿಕಡ್ಡಿ, ಬಲೂನಿನ ಕಡ್ಡಿಗಳವರೆಗೂ ಇಳಿಯಿತು. ಎರಡೂ ಪಟ್ಟಿಗಳಲ್ಲಿ ಪೆನ್ನಿಲ್ಲ.

ಒಂದು ಪೆನ್ನು ಎಷ್ಟು ಮಹಾ ಎನ್ನುವವರು ಕೊಂಚ ಲೆಕ್ಕ ಹಾಕಲಿ. 200 ಮಕ್ಕಳ ಒಂದು ಶಾಲೆ. ಮಗುವಿಗೆ ತಿಂಗಳಿಗೆ ಎರಡೇ ಪೆನ್ನು ಎಂದುಕೊಂಡರೂ ಹತ್ತು ತಿಂಗಳಿಗೆ 4,000 ಪೆನ್ನು. ತಲಾ 5 ಗ್ರಾಂ ಎಂದರೂ 20 ಕೆ.ಜಿ. ಲಾಸ್ಲೊ ಬಿರೊ ಬಾಲ್ ಪೆನ್ನಿಗೆ ಪೇಟೆಂಟ್ ಪಡೆದದ್ದು 1938ರಲ್ಲಿ. ಫ್ರಾನ್ಸಿನ ಬಿಕ್ ಕಂಪನಿ 1950ರಲ್ಲಿ ಅದನ್ನು ಅಗ್ಗದ ಸರಕಾಗಿಸಿತು. 2006ರ ಹೊತ್ತಿಗೆ ಆ ಒಂದೇ ಕಂಪನಿ ಮಾರಿದ ಪೆನ್ನುಗಳ ಸಂಖ್ಯೆ 10,000 ಕೋಟಿ ಮುಟ್ಟಿತ್ತು. ಪ್ಲಾಸ್ಟಿಕ್ ಮೈ, ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಕಡ್ಡಿ, ಹಿತ್ತಾಳೆಯ ಮೊನೆ, ಟಂಗ್‌ಸ್ಟನ್ ಕಾರ್ಬೈಡಿನ ಗುಂಡು, ಜಿಡ್ಡು ಮಸಿ – ಇಷ್ಟನ್ನೂ ಬೇರ್ಪಡಿಸಿ ಕೊಳ್ಳುವ ಗುಜರಿಯವನು ಯಾವ ಊರಿನಲ್ಲಿಯೂ ಇಲ್ಲ.

ನಗರದಲ್ಲಾದರೆ ಕಸದ ಗಾಡಿ ಬರುತ್ತದೆ. ಘಟ್ಟದ ಒಂಟಿ ಮನೆಯಲ್ಲಿ ಅದು ಬೀಳುವುದು ಬಚ್ಚಲೊಲೆಗೆ. ಆ ಒಲೆಯ ಬೂದಿಯೇ ಗೊಬ್ಬರದ ಗುಂಡಿಗೂ ತರಕಾರಿ ಮಡಿಗೂ ಅಡಿಕೆ ಬುಡಕ್ಕೂ ಹೋಗುತ್ತದೆ. ಸೌದೆಯ ಬೂದಿ ಸುಣ್ಣ, ಪೊಟ್ಯಾಷ್ ಕೊಡುವ ಒಳ್ಳೆಯ ಗೊಬ್ಬರ. ಪೆನ್ನು ಬೆರೆತ ಬೂದಿಯಲ್ಲಿ ಅರೆಬೆಂದ ಪ್ಲಾಸ್ಟಿಕ್ಕಿನ ಹೆಂಟೆಯೂ ಲೋಹದ ಮೊನೆಯೂ ಉಳಿಯುತ್ತವೆ. ಕಪ್ಪು ಹೊಗೆ ನೀರು ಕಾಯಿಸುವ ಹೆಂಗಸಿನ ಎದೆಗೆ ಸೇರುತ್ತದೆ. ಸಾವಯವ ಕೃಷಿಯ ಭಾಷಣವನ್ನು ಬಿಟ್ಟಿ ಬಾಲ್ ಪೆನ್ನಿನಲ್ಲಿ ಬರೆದುಕೊಳ್ಳುವ ಶಿಬಿರಾರ್ಥಿಗಳಿಗೂ ಅದನ್ನು ಹಂಚುವ ಸಂಘಟಕರಿಗೂ ಈ ದಾರಿ ಕಾಣದಿರುವುದು ಸೋಜಿಗ.

ಶಾಯಿ ಪೆನ್ನು ಮತ್ತೆ ಬರುತ್ತಿದೆ ಎಂಬುದು ಸಂತೋಷದ ಸುದ್ದಿ. ಆದರೆ ಅದು ತಾನೇ ತಾನಾಗಿ ಹಸಿರಲ್ಲ. ಹೊಸದಾಗಿ ಅದರ ರುಚಿ ಹತ್ತಿದವರನ್ನು ನೋಡಬೇಕು. ವರ್ಷ ಕಳೆಯುವುದರೊಳಗೆ ಹದಿನೈದು ಪೆನ್ನು, ಏಳೆಂಟು ಬಣ್ಣದ ವಿದೇಶಿ ಶಾಯಿ, ಅವನ್ನು ಹೊತ್ತು ತಂದ ಗುಳ್ಳೆ ಪ್ಲಾಸ್ಟಿಕ್ಕಿನ ರಾಶಿ. 1 ಮಿ.ಲೀ. ಶಾಯಿಯೂ ಹಿಡಿಯದ ಸಣ್ಣ ಕಾರ್ಟ್ರಿಜ್ ಮುಗಿದೊಡನೆ ಮತ್ತೆ ಕಸದ ಬುಟ್ಟಿಗೆ. ಎಸೆಯುವ ಚಾಳಿಗೆ ಇದು ಮದ್ದಲ್ಲ. ಅದೇ ಚಾಳಿಯ ಸಿರಿವಂತ ರೂಪ.

ಪರೀಕ್ಷಿಸಿ ನೋಡುವುದು ತಪ್ಪಲ್ಲ. ಕೈಯ ಓರೆ, ಅಕ್ಷರದ ಗಾತ್ರ, ಒತ್ತಡ ಒಬ್ಬೊಬ್ಬರದು ಒಂದೊಂದು ಬಗೆ. ಗೆಳೆಯರ ಪೆನ್ನು ಎರವಲು ಪಡೆದು ನಾಲ್ಕು ಪುಟ ಬರೆದರೆ ತಿಳಿಯುವುದಕ್ಕೆ ನಾಲ್ಕು ಪೆನ್ನು ಕೊಳ್ಳಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳು ಕೆಲವೇ: ಬಾಟಲಿಯಿಂದ ತುಂಬಲು ಬರುತ್ತದೆಯೆ? ನಿಬ್ಬನ್ನೂ ಅದರಡಿಯ ಕಪ್ಪು ನಾಲಿಗೆಯನ್ನೂ ಕೈಯಲ್ಲಿಯೇ ಕಿತ್ತು ತೊಳೆಯಬಹುದೆ? ವಾರ ಬಿಟ್ಟು ತೆರೆದರೂ ಬರೆಯುತ್ತದೆಯೆ?

ಈ ಪರೀಕ್ಷೆಯಲ್ಲಿ ಗೆಲ್ಲುವುದು ಬಹುತೇಕ ಹಳೆಯ ಮಾದರಿಯೇ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ಎಬೊನೈಟನ್ನು ಲೇತಿನಲ್ಲಿ ಕಡೆದು ಮಾಡುವ, ಫಿಲ್ಲರಿನಿಂದ ನೇರ ಹೊಟ್ಟೆಗೇ ಶಾಯಿ ಹನಿಸುವ ಪೆನ್ನು. ರಾಜಮಹೇಂದ್ರಿಯ ಕೆ.ವಿ. ರತ್ನಂ ಇಂಥ ಸ್ವದೇಶಿ ಪೆನ್ನನ್ನು ಗಾಂಧೀಜಿಗೆ ಕಳುಹಿಸಿದ್ದರು. 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದರು. 3 ಮಿ.ಲೀ. ಹಿಡಿಯುವ ಪೆನ್ನಿಗೆ 60 ಮಿ.ಲೀ. ಬಾಟಲಿ ಇಪ್ಪತ್ತು ಸಲ ಸಾಲುತ್ತದೆ. ಮೈಸೂರಿನ ಬ್ರಿಲ್ ಶಾಯಿ ಇರುವಾಗ ಜರ್ಮನಿಯತ್ತ ನೋಡುವ ಅಗತ್ಯವೂ ಇಲ್ಲ. ಇದರ ದೋಷವೊಂದನ್ನು ಹೇಳಲೇಬೇಕು: ಶಾಯಿ ತಳಮಟ್ಟಕ್ಕೆ ಇಳಿದಾಗ ಒಳಗಿನ ಗಾಳಿ ಕೈ ಬಿಸಿಗೆ ಹಿಗ್ಗಿ ಹನಿ ತೊಟ್ಟಿಕ್ಕುತ್ತದೆ. ಮೂರನೆಯ ಒಂದು ಭಾಗ ಉಳಿದಿರುವಾಗಲೇ ತುಂಬಿಕೊಂಡರೆ ಆ ಕಾಟವಿಲ್ಲ. ಮನೆಯ ಮೇಜಿಗೆ ಇದೊಂದು, ಕಿಸೆಗೆ ಅಗ್ಗದ ಶಾಲಾ ಶಾಯಿ ಪೆನ್ನೊಂದು.

ಆಷಾಢದ ಮಳೆಯಲ್ಲಿ ಶಾಯಿ ಹರಡುತ್ತದೆ ಎಂಬ ಆಕ್ಷೇಪ ನಿಜವಾದದ್ದು. ತೇವ ಹೀರಿದ ನೋಟುಪುಸ್ತಕದಲ್ಲಿ ದಪ್ಪ ನಿಬ್ಬು ಅಕ್ಷರವನ್ನು ಗುಬ್ಬಚ್ಚಿ ಗೂಡಾಗಿಸುತ್ತದೆ. ಸಣ್ಣ ನಿಬ್ಬು ಆಯ್ದುಕೊಳ್ಳುವುದೇ ಪರಿಹಾರ. ತೋಟದಲ್ಲಿ ನೆನೆಯುತ್ತ ಬರೆಯುವ ಚೀಟಿಗೆ ಪೆನ್ಸಿಲ್. ಕಾರ್ಬನ್ ಪ್ರತಿ ಬೇಕಾದಲ್ಲಿ ಬಾಲ್ ಪೆನ್ನು ಇರಲಿ, ರೀಫಿಲ್ ಬದಲಿಸುವಂಥದ್ದು. ಕಾಗದ ಸುತ್ತಿದ, ಬಾಲದಲ್ಲಿ ಬೀಜ ಅಂಟಿಸಿದ ‘ಪರಿಸರ ಸ್ನೇಹಿ’ ಪೆನ್ನಿನ ಒಳಗಿರುವುದು ಅದೇ ಪ್ಲಾಸ್ಟಿಕ್ ಕಡ್ಡಿ. ಇನ್ನು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಅಜ್ಜಂದಿರಂತೆ ಮಸಿ ಮಾಡಿಕೊಳ್ಳೋಣ ಎನ್ನುವ ಉತ್ಸಾಹಿಗಳಿದ್ದಾರೆ. ಅದು ಲೆಕ್ಕಣಿಕೆಗೆ ಸಲ್ಲುವ ಮಸಿ. ಶಾಯಿ ಪೆನ್ನಿಗೆ ಹಾಕಿದರೆ ಅದರ ಗಸಿ ಸಣ್ಣ ಕಾಲುವೆಯನ್ನು ಕಟ್ಟುತ್ತದೆ, ಆಮ್ಲ ನಿಬ್ಬನ್ನು ತಿನ್ನುತ್ತದೆ.

ಶಾಲೆ ತೆರೆಯುವ ಮುನ್ನ ಎಸ್‌ಡಿಎಂಸಿ ಸಭೆಗಳು ತೀರ್ಮಾನಿಸಬೇಕಾದದ್ದು ಇಷ್ಟೆ: ಬಹುಮಾನಕ್ಕೂ ಶಿಬಿರಕ್ಕೂ ಎಸೆಯುವ ಪೆನ್ನು ಹಂಚಕೂಡದು. ಐದನೆಯ ತರಗತಿಯಿಂದ ಮೇಲಿನ ಪ್ರತಿ ಮಗುವಿಗೆ ಒಂದು ಶಾಯಿ ಪೆನ್ನು. ಶಿಕ್ಷಕರ ಕೊಠಡಿಯ ಕಿಟಕಿಯಲ್ಲಿ ದೊಡ್ಡ ಶಾಯಿ ಬಾಟಲಿ, ಒಂದು ಫಿಲ್ಲರ್, ಕೈ ಒರೆಸಲು ಹಳೆಯ ಪಂಚೆಯ ತುಂಡು.