ದಾಸ್ತಾನು ಪುಸ್ತಕಕ್ಕೆ ಇನ್ನೊಂದು ಅಂಕಣ

ಲೆಕ್ಕ ಬಲ್ಲವನು ನಷ್ಟಕ್ಕೆ ಸಿಲುಕುವುದಿಲ್ಲ ಎಂಬ ನಂಬಿಕೆ ನಮ್ಮ ವರ್ತಕ ಬಂಧುಗಳಲ್ಲಿದೆ. ಲೆಕ್ಕ ಪರಿಶೋಧಕನಾದ ನನಗೆ ಈ ನಂಬಿಕೆಯಿಂದ ಲಾಭವೇ ಹೊರತು ನಷ್ಟವಿಲ್ಲ. ಆದರೂ ಅದು ಪೂರ್ಣ ಸತ್ಯವಲ್ಲ.

ಅಮೆರಿಕದ ಎಸ್ಲಿಂಜರ್ ಮತ್ತು ಡಮಾಸಿಯೊ ಎಂಬ ವಿಜ್ಞಾನಿಗಳು 1985ರಲ್ಲಿ ರೋಗಿಯೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಆತ ನನ್ನ ವೃತ್ತಿಯವನೇ. ಗೃಹನಿರ್ಮಾಣ ಸಂಸ್ಥೆಯೊಂದರ ಲೆಕ್ಕಪತ್ರ ಅಧಿಕಾರಿ. 35ನೆಯ ವಯಸ್ಸಿನಲ್ಲಿ ಗೆಡ್ಡೆಗಾಗಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ, ಕಣ್ಣುಗುಳಿಗಳ ಮೇಲಿರುವ ಮಿದುಳಿನ ಮುಂಭಾಗವನ್ನು ಅವನು ಕಳೆದುಕೊಂಡ. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಅವನ ಅಂಕಗಳು ಸರಾಸರಿಗಿಂತ ಬಹಳ ಮೇಲೆಯೇ ಉಳಿದವು. ಆದರೆ ನಂಬಿಕೆಗೆ ಯೋಗ್ಯನಲ್ಲದ ಪಾಲುದಾರನೊಡನೆ ಸೇರಿ, ಉಳಿತಾಯವನ್ನೆಲ್ಲ ತೊಡಗಿಸಿ, ದಿವಾಳಿಯಾದ. ಊಟಕ್ಕೆ ಯಾವ ಹೋಟೆಲಿಗೆ ಹೋಗಬೇಕೆಂಬುದಕ್ಕೂ ಅವನಿಗೆ ಗಂಟೆಗಟ್ಟಲೆ ಯೋಚನೆ ಬೇಕಾಗುತ್ತಿತ್ತು. ಕೂಡಿ ಕಳೆಯುವ ಶಕ್ತಿ ಬೇರೆ, ಇದು ನನಗೆಷ್ಟು ಬೆಲೆಯದು ಎಂದು ತೂಗುವ ಶಕ್ತಿ ಬೇರೆ.

ಮಿದುಳಿನ ಅದೇ ಭಾಗದ ನರಕೋಶಗಳನ್ನು ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದ ಸಂಶೋಧಕರಿಬ್ಬರು ಕೋತಿಗಳಲ್ಲಿ ಪರಿಶೀಲಿಸಿ 2006ರಲ್ಲಿ ವರದಿ ಮಾಡಿದರು. ಎರಡು ಬಗೆಯ ಪಾನೀಯಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಮುಂದಿಟ್ಟಾಗ, ಕೆಲವು ಕೋಶಗಳು ಅದು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಲೆಕ್ಕಿಸದೆ ಅದರ ಮೌಲ್ಯಕ್ಕಷ್ಟೇ ಸ್ಪಂದಿಸಿದವು. 2009ರಲ್ಲಿ ಪ್ರಕಟವಾದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಎದುರಿಗಿರುವ ಮೌಲ್ಯಗಳ ಹರವು ದೊಡ್ಡದಾದಂತೆ, ಅಷ್ಟೇ ವ್ಯತ್ಯಾಸಕ್ಕೆ ಕೋಶವು ತೋರುವ ಸ್ಪಂದನ ಚಿಕ್ಕದಾಗುತ್ತದೆ. ಚಿನ್ನದ ತಕ್ಕಡಿಯನ್ನು ತೆಗೆದಿಟ್ಟು ಅಡಿಕೆ ಮೂಟೆಯ ತಕ್ಕಡಿಯನ್ನು ತೂಗುಹಾಕಿದಂತೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ವೆನಿಲ್ಲಾ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಬಳಿಕ ಬೆಲೆ ಏರುತ್ತ ಹೋಗಿ, 2003ರ ಸುಮಾರಿಗೆ ಪುತ್ತೂರು, ಸುಳ್ಯ, ಕಡಬ (ಕಡಬ ಆಗಿನ್ನೂ ತಾಲೂಕಾಗಿರಲಿಲ್ಲ) ಕಡೆಗಳಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಬಂತು. ಮುಂದೆ ಕೆಲವೇ ವರ್ಷಗಳಲ್ಲಿ ಅದೇ ಕೋಡಿಗೆ ನೂರು ರೂಪಾಯಿ ಸಿಗುವುದೂ ಕಷ್ಟವಾಯಿತು. ಇಳಿಕೆಯ ಮೊದಲ ದಿನಗಳಲ್ಲಿ, ಸಾಲ ಮಾಡಿ ಸರಕು ತುಂಬಿಟ್ಟಿದ್ದ ನನ್ನ ಕಕ್ಷಿದಾರರೊಬ್ಬರು, "ಇನ್ನೂರು ರೂಪಾಯಿ ತಾನೆ ಸರ್ ಇಳಿದದ್ದು, ಮತ್ತೆ ಏರದೆ ಇರ್ತದಾ?" ಎಂದರು. ಅಡಿಕೆಯಲ್ಲಿ ಕಿಲೋಗೆ ಎರಡು ರೂಪಾಯಿ ಇಳಿದರೆ ನಿದ್ದೆಗೆಡುತ್ತಿದ್ದವರು ಅವರು! ನಾನೂ ತಲೆಯಾಡಿಸಿದೆ, ನನ್ನ ತೋಟದಲ್ಲೂ ಬಳ್ಳಿಯಿತ್ತು. ಮನೆಯ ಚಿನ್ನ ಬ್ಯಾಂಕಿಗೆ ಹೋಯಿತು.

ಕೋತಿಯ ಮಿದುಳಿನಿಂದ ಪೇಟೆಯ ಧಾರಣೆಗೆ ಹಾರಿದ್ದು ನನ್ನ ಊಹೆಯೇ ಹೊರತು ವಿಜ್ಞಾನಿಗಳದಲ್ಲ. ಆದರೆ ನಮ್ಮ ಲೆಕ್ಕಶಾಸ್ತ್ರವು ಈ ದೌರ್ಬಲ್ಯವನ್ನು ಮೊದಲೇ ಊಹಿಸಿದಂತಿದೆ. ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಿರುವುದಕ್ಕೆ ಬೆಲೆಕಟ್ಟಬೇಕೆಂಬುದು ನಿಯಮ. ಮಧ್ಯದಲ್ಲೊಮ್ಮೆ ಮುಟ್ಟಿದ್ದ ಶಿಖರದ ಬೆಲೆಗೆ ಅಲ್ಲಿ ಸ್ಥಾನವಿಲ್ಲ. ತೊಂದರೆಯೆಂದರೆ, ಹೆಚ್ಚಿನವರು ಈ ನಿಯಮವನ್ನು ನೆನೆಯುವುದು ಮಾರ್ಚ್ 31ಕ್ಕೆ ಮಾತ್ರ.

ಆದ್ದರಿಂದ ನನ್ನ ಸೂಚನೆ ಇಷ್ಟು: ಸರಕು ಕೊಂಡ ದಿನವೇ, ಧಾರಣೆ ಎಷ್ಟಕ್ಕೆ ಇಳಿದರೆ ಮಾರಿಬಿಡುವುದೆಂದು ದಾಸ್ತಾನು ಪುಸ್ತಕದಲ್ಲಿ ಒಂದು ಅಂಕಣ ಎಳೆದು, ರೂಪಾಯಿಯಲ್ಲಿ ಬರೆದಿಡಿ. ಪಕ್ಕದಲ್ಲಿ ಪಾಲುದಾರರದೋ ಮನೆಯವರದೋ ಸಹಿ ಇರಲಿ. ಬದಲಾಯಿಸುವುದಾದರೆ ಅವರ ಎದುರಿನಲ್ಲೇ ಹೊಡೆದುಹಾಕಿ, ಕಾರಣ ಬರೆಯಿರಿ.